ಫೋಟೋದಲ್ಲಿ ಕಾಣದ ಕೈ

ನಮ್ಮ ಸ್ಟುಡಿಯೋದ ಗೋಡೆಯ ಮೇಲೆ ಒಂದು ಫೋಟೋ ಇದೆ. 11 ದಿನದ ಕೂಸು ಮೊಣಕೈ ಊರಿ, ಎರಡೂ ಅಂಗೈಗಳ ಮೇಲೆ ಗಲ್ಲ ಇಟ್ಟುಕೊಂಡು, ಕಣ್ಣು ಮುಚ್ಚಿ ಏನೋ ಯೋಚನೆಯಲ್ಲಿ ಇರುವಂತೆ ಕಾಣುತ್ತದೆ. ಒಳಗೆ ಬಂದವರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. "ಆಮ್ಚ್ಯಾ ಬಾಳಾಚಾ ಅಸಾಚ್ ಫೋಟೋ ಪಾಹಿಜೇ" ಎನ್ನುತ್ತಾರೆ. ನಮ್ಮ ಕೂಸಿಂದೂ ಇಂಥದ್ದೇ ಫೋಟೋ ಬೇಕು ಅಂತ.

11 ದಿನದ ಕೂಸಿಗೆ ತನ್ನ ತಲೆಯ ಭಾರ ತಾನು ಹೊರಲು ಬರುವುದಿಲ್ಲ. ಗೋಡೆಯ ಮೇಲೆ ಕಾಣುವ ಆ ಒಂದು ಫೋಟೋ ನಿಜವಾಗಿ ಎರಡು ಫೋಟೋ. ಒಂದರಲ್ಲಿ ನಾನು ಕೂಸಿನ ತಲೆಯನ್ನು ಮೇಲಿನಿಂದ ಹಿಡಿದಿದ್ದೇನೆ. ಇನ್ನೊಂದರಲ್ಲಿ ಅದರ ಮುಂಗೈಗಳನ್ನು ಕೆಳಗಿನಿಂದ ಹಿಡಿದಿದ್ದೇನೆ. ಆಮೇಲೆ ನಮ್ಮ ಮನೆಯವರು ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸಿ ನನ್ನ ಕೈಗಳನ್ನು ಅಳಿಸಿದ್ದಾರೆ. ಈ ಜೋಡಣೆಗೆ ನಮ್ಮ ಧಂದೆಯಲ್ಲಿ 'ಕಾಂಪೋಸಿಟ್' ಅಂತಾರೆ. ಆ ಭಂಗಿಗೆ 'ಫ್ರಾಗಿ ಪೋಸ್', ಅಂದರೆ ಕಪ್ಪೆ ಭಂಗಿ. ಕ್ಯಾಮೆರಾ ಎಷ್ಟು ಸಲ ಕ್ಲಿಕ್ ಅಂದರೂ ಕೂಸಿನ ಮೇಲಿಂದ ನನ್ನ ಕೈ ಒಂದು ಕ್ಷಣವೂ ಹೋಗಿರಲಿಲ್ಲ.

ಬಾರಾಮತಿಯಲ್ಲಿ ನನ್ನ ಕೆಲಸವೇ ಇದು. ಊರು ವಿಜಯಪುರ ಜಿಲ್ಲೆ. ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮ ಮನೆಯವರು ಮೊದಲು ಎಂಐಡಿಸಿಯ ಕಾರ್ಖಾನೆಯೊಂದರಲ್ಲಿದ್ದರು. ರಜೆಯ ದಿನ ಕ್ಯಾಮೆರಾ ಹಿಡಿದು ಭಿಗವಣದ ಉಜನಿ ಹಿನ್ನೀರಿಗೆ ಫ್ಲೆಮಿಂಗೋ ಹಕ್ಕಿ ತೆಗೆಯಲು ಹೋಗುತ್ತಿದ್ದರು. ಆಮೇಲೆ ಮದುವೆ, ಸಾಖರಪುಡಾ, ಬಾರಸೆ ಅಂತ ಕೆಲಸ ಹತ್ತಿ ನೌಕರಿ ಬಿಟ್ಟರು. ಎಳೆಗೂಸುಗಳ ಫೋಟೋ ಶುರುವಾದಾಗ ನಾನೂ ಸೇರಿದೆ. ಅವರು ಕ್ಯಾಮೆರಾದ ಹಿಂದೆ, ನಾನು ಕೂಸಿನ ಪಕ್ಕ. ಫೋಟೋದ ಕೆಳಗೆ ಹೆಸರು ಅವರದ್ದು. ನನ್ನ ಕೈ ಎಲ್ಲ ಫೋಟೋದಲ್ಲೂ ಇರುತ್ತದೆ, ಯಾವ ಫೋಟೋದಲ್ಲೂ ಕಾಣುವುದಿಲ್ಲ. ಕಾಣಬಾರದು ಕೂಡ.

ಮುಂಬೈ, ಪುಣೆ, ಬೆಂಗಳೂರು, ದಿಲ್ಲಿಯಲ್ಲಿ ಕೂತು ಇದನ್ನು ಓದುವ ನಿಮ್ಮಲ್ಲಿ ಎಷ್ಟೋ ಮಂದಿ ಇಂಥ ಫೋಟೋ ತೆಗೆಸಿರುತ್ತೀರಿ, ಇಲ್ಲವೇ ತಂಗಿಗೋ ಸೊಸೆಗೋ ತೆಗೆಸಬೇಕೆಂದಿರುತ್ತೀರಿ. ಬುಕ್ ಮಾಡುವ ಮೊದಲು ಗೊತ್ತಿರಬೇಕಾದ ಕೆಲವು ಮಾತುಗಳನ್ನು ಪರದೆಯ ಈ ಕಡೆಯಿಂದ ಹೇಳೋಣ ಅನ್ನಿಸಿತು.

ಬುಟ್ಟಿಯಲ್ಲಿದ್ದ ಕೂಸು

ಮೊದಲು ನಮ್ಮದೇ ತಪ್ಪು ಹೇಳಿಬಿಡುತ್ತೇನೆ.

ಶುರುವಿನ ದಿನಗಳು. ನಮಗೆ ಗುರು ಅಂದರೆ ಮೊಬೈಲ್ ಒಂದೇ. ಹೂವಿನ ಕುಂಡದಲ್ಲಿ, ಎಲೆಕೋಸಿನ ಎಲೆಗಳ ನಡುವೆ ಮಲಗಿದ ಕೂಸುಗಳ ಫೋಟೋ ನೀವೂ ನೋಡಿರುತ್ತೀರಿ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಆ್ಯನ್ ಗೆಡೆಸ್ ಎಂಬ ಛಾಯಾಗ್ರಾಹಕಿ 1990ರ ದಶಕದಲ್ಲಿ ಅಂಥ ಚಿತ್ರಗಳನ್ನು ಜಗತ್ತಿಗೆಲ್ಲ ಹಬ್ಬಿಸಿದರು. ಅವರ 'ಡೌನ್ ಇನ್ ದ ಗಾರ್ಡನ್' ಪುಸ್ತಕ ಬಂದದ್ದು 1996ರಲ್ಲಿ. ಅದರ ಹಿಂದೆ ಎಷ್ಟು ಜನರ, ಎಷ್ಟು ತಾಸಿನ ತಯಾರಿ ಇರುತ್ತದೆ ಎಂಬುದು ಇನ್‌ಸ್ಟಾಗ್ರಾಮ್ ನೋಡಿ ಕಲಿತ ನಮಗೆ ಗೊತ್ತಿರಲಿಲ್ಲ. ಫೋಟೋ ಕಂಡಿತು, ನಕಲು ಮಾಡಿದೆವು.

ಒಂದು 9 ದಿನದ ಗಂಡು ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಕೂಡಿಸಿದಂತೆ ಮಲಗಿಸಿದ್ದೆವು. ಹಿಂದೆ ಮೆತ್ತನೆಯ ದಿಂಬು, ಮೇಲೆ ಉಣ್ಣೆ ಟೋಪಿ. ನಿದ್ದೆಯಲ್ಲಿ ಅದರ ತಲೆ ನಿಧಾನಕ್ಕೆ ಮುಂದೆ ಬಾಗಿ ಗಲ್ಲ ಎದೆಗೆ ತಾಕಿತು. ಬಹಳ ಮುದ್ದಾಗಿ ಕಂಡಿತು. ನಮ್ಮ ಮನೆಯವರು "ಹಾಂಗ ಇರಲಿ, ಹಾಂಗ ಇರಲಿ" ಅನ್ನುತ್ತ ಲೆನ್ಸ್ ಬದಲಾಯಿಸಲು ತಿರುಗಿದರು. ನಾನು ಟೋಪಿ ಸರಿಮಾಡಲು ಬಗ್ಗಿದೆ. ಕೂಸಿನ ತುಟಿ ನೇರಳೆ ಹಣ್ಣು ತಿಂದಂತೆ ಕಪ್ಪಿಟ್ಟಿತ್ತು.

ಎತ್ತಿ ನೇರ ಹಿಡಿದೆ. ಬೆನ್ನು ಉಜ್ಜಿದೆ. ಒಂದು ಉಸಿರು ಎಳೆದು ಅಳಲು ಶುರು ಮಾಡಿತು. ಬಣ್ಣ ತಿರುಗಿತು. ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಅದರ ಅಜ್ಜಿ ಅಲ್ಲೇ ಸೋಫಾ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಕೂಸು ಸಿಟ್ಟಾಯಿತು ಅಂತ ನಕ್ಕರು. ನಾವು ಆಗಿದ್ದನ್ನು ಹೇಳಿ, ಹಣ ವಾಪಸ್ ಕೊಟ್ಟು, ಅವರ ಜೊತೆಗೇ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ ಕೂಸಿಗೆ ಏನೂ ಆಗಿಲ್ಲ ಅಂದರು. ಆಮೇಲೆ ನಮ್ಮಿಬ್ಬರನ್ನು ಕೂಡಿಸಿ ಒಂದು ಕಾಗದದ ಮೇಲೆ ಕೊಳವೆಯ ಚಿತ್ರ ಬರೆದು ಪಾಠ ಮಾಡಿದರು.

ಎಳೆಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕುತ್ತಿಗೆ ಮೆತ್ತಗೆ, ಉಸಿರಿನ ಕೊಳವೆ ಸಣ್ಣದು, ಮೃದು. ನೀರಿನ ಪೈಪು ಮಡಚಿದರೆ ನೀರು ನಿಲ್ಲುವ ಹಾಗೆ, ಗಲ್ಲ ಎದೆಗೆ ಒತ್ತಿದರೆ ಗಾಳಿ ನಿಲ್ಲುತ್ತದೆ. ದೊಡ್ಡವರಾದರೆ ತಲೆ ಎತ್ತುತ್ತೇವೆ, ಎಚ್ಚರಾಗುತ್ತೇವೆ. ಅದಕ್ಕೆ ಎತ್ತಲು ಬರುವುದಿಲ್ಲ. ಅಳುವುದಕ್ಕೂ ಗಾಳಿ ಬೇಕಲ್ಲ, ಹಾಗಾಗಿ ಸದ್ದೂ ಇರುವುದಿಲ್ಲ. ಕೂಸಿನ ಅಂಗೈ ಅಂಗಾಲು ತುಸು ನೀಲಿ ಕಂಡರೆ ಮೊದಮೊದಲ ದಿನಗಳಲ್ಲಿ ಅದು ಸಾಮಾನ್ಯ. ತುಟಿ, ನಾಲಿಗೆ ನೀಲಿಯಾದರೆ ಮಾತ್ರ ಅದು ಅಪಾಯ.

ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ. ಗಲ್ಲಕ್ಕೂ ಎದೆಗೂ ನಡುವೆ ನನ್ನ ಒಂದು ಬೆರಳು ಹೋಗಬೇಕು. ಮೂಗು, ಬಾಯಿ ಎರಡೂ ನನಗೆ ಕಾಣುತ್ತಿರಬೇಕು. ಎದೆ ಏರಿ ಇಳಿಯುವುದನ್ನು ನೋಡುವುದು ನನ್ನ ಕೆಲಸ, ಫೋಟೋ ನೋಡುವುದು ಅವರ ಕೆಲಸ. ನಾನು "ಸಾಕು" ಅಂದರೆ ಸಾಕು. ಯಾಕೆ ಅಂತ ಕೇಳುವಂತಿಲ್ಲ.

ಎಳೆಗೂಸುಗಳು ಉಸಿರಾಡುವ ರೀತಿಯೇ ಬೇರೆ ಎಂದೂ ಆಗ ಕಲಿತೆ. ನಿದ್ದೆಯಲ್ಲಿ ಪಟಪಟ ಉಸಿರಾಡಿ, ಐದಾರು ಸೆಕೆಂಡು ನಿಂತು, ಮತ್ತೆ ಶುರು ಮಾಡುತ್ತವೆ. ಅದು ಸಹಜ. 20 ಸೆಕೆಂಡು ದಾಟಿದರೆ, ಅಥವಾ ಶಾಂತವಾಗಿದ್ದಾಗಲೂ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ ಕ್ಯಾಮೆರಾ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಬೇಕು.

ಹೊಟ್ಟೆ ಮುಟ್ಟಿ, ಪಾದ ಮುಟ್ಟಿ

ಬಾರಾಮತಿಯ ಬೇಸಿಗೆ ನಮ್ಮ ವಿಜಯಪುರದ ತಂಗಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಹೊಸದೇನಲ್ಲ. ಹಾಗಿದ್ದರೂ ಎಸಿ ಹಾಕಿದ ಕೋಣೆಯಲ್ಲಿ ಬಟ್ಟೆ ಬಿಚ್ಚಿದ ಕೂಸಿಗೆ ಚಳಿ ಹಿಡಿಯಲು ಹೆಚ್ಚು ಹೊತ್ತು ಬೇಕಿಲ್ಲ. ದೊಡ್ಡವರ ಹಾಗೆ ನಡುಗಿ ಬೆಚ್ಚಗಾಗಲು ಅದಕ್ಕೆ ಬರುವುದಿಲ್ಲ. ತಲೆ ದೊಡ್ಡದಾದ್ದರಿಂದ ತಲೆಯಿಂದಲೇ ಬಹಳಷ್ಟು ಶಾಖ ಹೋಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ ಕೂಸಿನ ಮೈಯ ಉಷ್ಣ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು.

ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಆದರೆ ಹೆಚ್ಚು ಬಳಸುವುದು ಕೈಯನ್ನೇ. ಇದನ್ನು ನನಗೆ ಕಲಿಸಿದ್ದು ಒಬ್ಬ ಆಶಾ ಕಾರ್ಯಕರ್ತೆ. ಅಂಗೈಯ ಹಿಂಭಾಗದಿಂದ ಮೊದಲು ಕೂಸಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸಿಗೆ ಚಳಿ ಹತ್ತುತ್ತಿದೆ, ತಾಯಿಯ ಎದೆಗೆ ಹಾಕಬೇಕು. ಎರಡೂ ತಣ್ಣಗಿದ್ದರೆ ಕೂಸು ಅಪಾಯದಲ್ಲಿದೆ. ಖರ್ಚಿಲ್ಲದ, ಬ್ಯಾಟರಿ ಬೇಡದ ಪರೀಕ್ಷೆ. ಹತ್ತು ನಿಮಿಷಕ್ಕೊಮ್ಮೆ ಮಾಡುತ್ತೇನೆ.

ಚಳಿಯ ಭಯಕ್ಕೆ ಬಿಸಿ ಹೆಚ್ಚು ಮಾಡುವುದೂ ತಪ್ಪೇ. ಹೀಟರ್ ಹತ್ತಿರ ಇಟ್ಟರೆ ಎಳೆಯ ಚರ್ಮ ಸುಡುತ್ತದೆ. ಕೂಸಿನ ಮುಖ ಕೆಂಪಾಗಿ, ಕುತ್ತಿಗೆ ಬೆವತು, ಉಸಿರು ಜೋರಾದರೆ ಸೆಖೆಯಾಗಿದೆ ಎಂದರ್ಥ. ನಾವು ಹೀಟರನ್ನು ಕೋಣೆಯ ಮೂಲೆಯಲ್ಲಿಟ್ಟು ಮೊದಲೇ ಕೋಣೆ ಬೆಚ್ಚಗೆ ಮಾಡುತ್ತೇವೆ, ಕೂಸಿನ ಕಡೆ ಮುಖ ಮಾಡುವುದಿಲ್ಲ. ನಾನು ಮತ್ತು ನಮ್ಮ ಮನೆಯವರು ಬೆವರುತ್ತೇವೆ, ಕೂಸು ಮಲಗುತ್ತದೆ.

ಮನೆಗೆ ಹೋಗಿ ಫೋಟೋ ತೆಗೆಯುವಾಗ ಇನ್ನೊಂದು ಕಷ್ಟ. ಈ ಕಡೆ ಬಾಣಂತಿ ಕೋಣೆಯಲ್ಲಿ ಶೇಗಡಿ ಇಟ್ಟು ಧೂರಿ ಕೊಡುತ್ತಾರೆ. ನಮ್ಮ ಕಡೆ ಅಗ್ಗಿಷ್ಟಿಗೆ, ಲೋಬಾನದ ಹೊಗೆ. ಎರಡೂ ಒಂದೇ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಜ್ಜಿಯಂದಿರ ಮುಂದೆ ಇದನ್ನೆಲ್ಲ ಹೇಳಿ ವಾದ ಮಾಡಲು ಆಗುವುದಿಲ್ಲ. "ಆಜೀ, ಹೊಗೆಯಲ್ಲಿ ಫೋಟೋ ಮಸುಕು ಬರುತ್ತದೆ, ಸ್ವಲ್ಪ ಕಿಟಕಿ ತೆಗೆಯೋಣ" ಅಂದರೆ ಕೂಡಲೇ ತೆಗೆಯುತ್ತಾರೆ.

ಎರಡು ವಾರವೋ, ಸವ್ವಾ ಮಹಿನಾವೋ

ಈ ಧಂದೆಯ ಪಾಠವೆಲ್ಲ ಹೊರದೇಶದಿಂದ ಬಂದದ್ದು. ಹುಟ್ಟಿದ 5ರಿಂದ 14 ದಿನದೊಳಗೆ ಫೋಟೋ ತೆಗೆಯಬೇಕು, ಆಗ ಕೂಸು ಗಾಢವಾಗಿ ಮಲಗುತ್ತದೆ, ಹೊಟ್ಟೆಯೊಳಗಿದ್ದಂತೆ ಮುದುಡುತ್ತದೆ ಎನ್ನುತ್ತಾರೆ. ಅದು ನಿಜವೂ ಹೌದು. ಆದರೆ ಇಲ್ಲಿ ಐದನೇ ದಿನ ಪಾಚವಿ, ಸಟವಾಯಿ ಬಂದು ಹಣೆಬರಹ ಬರೆಯುತ್ತಾಳೆ ಎಂಬ ನಂಬಿಕೆ. ಹನ್ನೆರಡನೇ ದಿನ ಬಾರಸೆ. ಸವ್ವಾ ಮಹಿನಾ, ಅಂದರೆ ಒಂದೂಕಾಲು ತಿಂಗಳು, ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲೂ ಐದೇಶಿ, ತೊಟ್ಟಿಲು, ಬಾಣಂತನ ಅಂತ ಇದೇ ಲೆಕ್ಕ.

ಮೊದಮೊದಲು ಇದು ಧಂದೆಗೆ ಅಡ್ಡಿ ಅನ್ನಿಸುತ್ತಿತ್ತು. ಈಗ ನನಗೆ ಇದರಲ್ಲಿ ತಿರುಳಿದೆ ಅನ್ನಿಸುತ್ತದೆ. ಆ ದಿನಗಳಲ್ಲಿ ಕೂಸಿಗೆ ಹುಟ್ಟಿದ ಕೂಡಲೇ ಹಾಕಿದ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ ಬಿಟ್ಟರೆ ಬೇರೆ ಲಸಿಕೆ ಆಗಿರುವುದಿಲ್ಲ. ಮುಂದಿನ ಸುತ್ತು ಆರು ವಾರಕ್ಕೆ. ಹೊಕ್ಕುಳಬಳ್ಳಿ ಇನ್ನೂ ಒಣಗುತ್ತಿರುತ್ತದೆ. ತಾಯಿಗೆ ಹೊಲಿಗೆ ನೋವು. ಹತ್ತು ಮಂದಿ ಓಡಾಡಿದ ಸ್ಟುಡಿಯೋಗೆ ಅವರನ್ನು ಎಳೆತರುವುದಕ್ಕಿಂತ ನಾವೇ ಲೈಟು, ಬೀನ್‌ಬ್ಯಾಗು ಹೊತ್ತು ಅವರ ಮನೆಗೆ ಹೋಗುವುದು ಮೇಲು. ಹೆಚ್ಚಿನ ಸಲ ಕಿಟಕಿಯ ಬೆಳಕೇ ಸಾಕಾಗುತ್ತದೆ. ಫ್ಲ್ಯಾಶಿನಿಂದ ಕೂಸಿನ ಕಣ್ಣು ಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ಆದರೆ ಬೆಚ್ಚಿಬೀಳುವ ಕೂಸಿಗೆ ಯಾಕೆ ಕಾಟ?

ಹೋದ ಕೂಡಲೇ ಬಳೆ, ಉಂಗುರ, ವಾಚು ತೆಗೆದಿಟ್ಟು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತೇನೆ. ಇಬ್ಬರಲ್ಲಿ ಯಾರಿಗೆ ನೆಗಡಿಯಾದರೂ ದಿನ ಮುಂದೂಡುತ್ತೇವೆ. ಒಂದು ಕೂಸಿಗೆ ಬಳಸಿದ ಬಟ್ಟೆ ಒಗೆಯದೆ ಇನ್ನೊಂದಕ್ಕಿಲ್ಲ. ಮೂರು ತಾಸಿನ ಕೆಲಸದಲ್ಲಿ ಕ್ಯಾಮೆರಾ ನಡೆಯುವುದು ಇಪ್ಪತ್ತು ನಿಮಿಷ. ಉಳಿದದ್ದು ಹಾಲು ಕುಡಿಸುವುದು, ತೇಗಿಸುವುದು, ಬಟ್ಟೆ ಬದಲಾಯಿಸುವುದು, ಕಾಯುವುದು.

ಒಂದೂಕಾಲು ತಿಂಗಳು ದಾಟಿದ ಕೂಸು ಹೇಳಿದ ಹಾಗೆ ಮುದುಡುವುದಿಲ್ಲ. ಮುದುಡಿಸಲೂಬಾರದು. ಆಗ ಕಣ್ಣು ಬಿಟ್ಟು ನೋಡುತ್ತದೆ, ಒಮ್ಮೊಮ್ಮೆ ನಗುತ್ತದೆ. ತಾಯಿಯ ತೊಡೆ ಮೇಲೆ, ಅಜ್ಜನ ಭುಜದ ಮೇಲೆ ತೆಗೆದ ಫೋಟೋ ಬುಟ್ಟಿಯ ಫೋಟೋಕ್ಕಿಂತ ಏನು ಕಡಿಮೆ?

ಅಳಿಸಬಾರದ ಹಳದಿ

ಎಳೆಗೂಸಿನ ಫೋಟೋ ಎಡಿಟ್ ಮಾಡುವಾಗ ಮೊದಲು ತೆಗೆಯುವುದು ಕೆಂಪು, ಹಳದಿ. ಬಣ್ಣ ಸರಿಮಾಡಲು ಒಂದು ಗುಂಡಿ ಒತ್ತಿದರೆ ಕೂಸು ಹಾಲಿನ ಬಣ್ಣಕ್ಕೆ ಬರುತ್ತದೆ.

ಒಮ್ಮೆ 6 ದಿನದ ಕೂಸಿನ ಫೋಟೋ ತೆಗೆಯುತ್ತಿದ್ದಾಗ ನಮ್ಮ ಮನೆಯವರು ಮೂರು ಸಲ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಬದಲಾಯಿಸಿದರು. "ಲೈಟ್ ಯಾಕೋ ಹಳದಿ ಬರಲಿಕ್ಕತ್ತದ" ಅಂದರು. ಬಿಳಿ ಬಟ್ಟೆ ಬಿಳಿಯಾಗಿಯೇ ಬರುತ್ತಿತ್ತು. ಕೂಸು ಮಾತ್ರ ಹಳದಿ. ನಾನು ಕಾಲಿನ ಸುತ್ತು ಬಿಚ್ಚಿ ಅಂಗಾಲು ನೋಡಿದೆ. ಅರಿಶಿಣ ಸವರಿದ ಹಾಗಿತ್ತು. ಬೆಳಗಿನಿಂದ ಹಾಲಿಗೂ ಸರಿಯಾಗಿ ಎದ್ದಿಲ್ಲ, "ಬಹಳ ಶಾಣ್ಯಾ ಕೂಸು, ಮಲಗೇ ಇರ್ತದ" ಎಂದು ಮನೆಯವರು ಹೇಳಿದ್ದರು.

ಹುಟ್ಟಿದ ಕೂಸುಗಳಲ್ಲಿ ಕಾಮಾಲೆ ಸಾಮಾನ್ಯ, ಮೂರರಿಂದ ಐದನೇ ದಿನ ಹೆಚ್ಚಾಗಿ ತಾನೇ ಇಳಿಯುತ್ತದೆ. ಆದರೆ ಹಳದಿ ಅಂಗೈ, ಅಂಗಾಲಿಗೆ ಬಂದರೆ ತಡಮಾಡಬಾರದು. ಅದು ಮಿದುಳಿಗೆ ಪೆಟ್ಟು ಕೊಡಬಹುದು. ಅವತ್ತು ಫೋಟೋ ನಿಲ್ಲಿಸಿ ನಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕಳಿಸಿದೆವು. ಕೂಸನ್ನು ಎರಡು ದಿನ ನೀಲಿ ಬೆಳಕಿನ ಕೆಳಗೆ ಇಟ್ಟರು. ಸರಿಹೋಯಿತು.

ನಾನು ನರ್ಸಲ್ಲ. ಆದರೂ ನನಗೆ ಅನ್ನಿಸಿದ್ದು ಇದು. ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಯಲ್ಲಿ ಎಳೆಗೂಸುಗಳನ್ನು ನೋಡಿಕೊಳ್ಳುವ ಪದ್ಧತಿ ಕಟ್ಟಿದರು. ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು 62 ಶೇಕಡಾ ಇಳಿಯಿತು ಎಂಬ ವರದಿ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಿಂದ ದೇಶದಲ್ಲೆಲ್ಲ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ನೋಡುವ ವ್ಯವಸ್ಥೆಗೆ ಇದೂ ಒಂದು ಬುನಾದಿ. ಹಳ್ಳಿಯಲ್ಲಿ ಆಶಾ ಬರುತ್ತಾಳೆ. ನಿಮ್ಮ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಯಾರು ಬರುತ್ತಾರೆ? ಆಸ್ಪತ್ರೆಯಿಂದ ಬಂದ ಮೇಲೆ ಕೂಸನ್ನು ಬಟ್ಟೆ ಬಿಚ್ಚಿ ನೋಡುವ ಮೊದಲ ಹೊರಗಿನವರು ಎಷ್ಟೋ ಮನೆಗಳಲ್ಲಿ ಫೋಟೋದವರೇ. ಅಂಥವರಿಗೆ ನಾಲ್ಕು ಅಪಾಯದ ಗುರುತಾದರೂ ಗೊತ್ತಿರಬೇಡವೇ?

ನಿದ್ದೆ ಬರಿಸುವ ಉಪಾಯಗಳು

"ತಾಈ, ಸ್ವಲ್ಪ ಗುಟಿ ನೆಕ್ಕಿಸಲಾ? ಮಲಗುತ್ತದೆ" ಎಂದು ಕೇಳುತ್ತಾರೆ. ಜೇನು, ಸಕ್ಕರೆ ನೀರು, ಬಜೆ ತೇಯ್ದ ನೀರು, ಹಿಂದೆ ಡಾಕ್ಟರು ದೊಡ್ಡ ಮಗುವಿಗೆ ಬರೆದುಕೊಟ್ಟ ಸಿರಪ್ಪು. ಎಲ್ಲಕ್ಕೂ ಬೇಡ ಅನ್ನುತ್ತೇನೆ. ಆರು ತಿಂಗಳು ತಾಯಿಯ ಹಾಲು ಬಿಟ್ಟರೆ ನೀರೂ ಬೇಡ. ಜೇನಿನಿಂದ ಒಂದು ವರ್ಷದೊಳಗಿನ ಕೂಸಿಗೆ ಬೊಟುಲಿಸಂ ಎಂಬ ನರಗಳ ಕಾಯಿಲೆ ಬರಬಹುದು. ಮಲಗದ ಕೂಸಿಗೆ ಮಲಗುವ ಫೋಟೋ ಯಾಕೆ? ಎದ್ದ ಫೋಟೋ ತೆಗೆದರಾಯಿತು.

ಕೆಲವು ಫೋಟೋದವರು 'ಶ್‌' ಎಂದು ಸದ್ದು ಮಾಡುವ ಯಂತ್ರವನ್ನು ಕೂಸಿನ ಕಿವಿಯ ಪಕ್ಕವೇ ಇಡುತ್ತಾರೆ. 2014ರಲ್ಲಿ ಕೆನಡಾದ ವೈದ್ಯರು ಇಂಥ 14 ಯಂತ್ರಗಳನ್ನು ಪರೀಕ್ಷೆ ಮಾಡಿದರು. ದನಿ ಪೂರ್ತಿ ಏರಿಸಿದಾಗ 30 ಸೆಂಟಿಮೀಟರ್ ದೂರದಲ್ಲಿ ಎಲ್ಲವೂ 50 ಡೆಸಿಬಲ್ ದಾಟಿದವು, ಮೂರು 85 ಡೆಸಿಬಲ್ ದಾಟಿದವು. ಬೇಕೆಂದರೆ ಯಂತ್ರವನ್ನು ಕೋಣೆಯ ಆ ತುದಿಗಿಟ್ಟು ದನಿ ತಗ್ಗಿಸಿ. ನಾನು ಜೋಗುಳವನ್ನೇ ಹೇಳುತ್ತೇನೆ. ಮರಾಠಿ ಕೂಸುಗಳೂ ಕನ್ನಡ ಜೋಗುಳಕ್ಕೆ ಚೆನ್ನಾಗಿ ಮಲಗುತ್ತವೆ.

ಕುತ್ತಿಗೆಯ ಕಪ್ಪು ದಾರ, ಮುತ್ತಿನ ಹಣೆಪಟ್ಟಿ, ಬಿಗಿಯಾದ ಹೇರ್‌ಬ್ಯಾಂಡು ಇವೆಲ್ಲ ಕೆಲಸ ಮುಗಿಯುವವರೆಗೆ ಪಕ್ಕಕ್ಕೆ. ದೃಷ್ಟಿಯ ಬೊಟ್ಟು ಪಾದಕ್ಕಿಡಿ, ಕಣ್ಣಿಗೆ ಕಾಡಿಗೆ ಬೇಡ.

ಇನ್ನೊಂದು ಮಾತು ಫೋಟೋ ಮುಗಿದ ಮೇಲಿನದು. ಹೊಟ್ಟೆ ಮೇಲೆ ಮಲಗಿದ ಕೂಸಿನ ಫೋಟೋ ಗೋಡೆಗೆ ಬಂದ ಮೇಲೆ ಮನೆಯವರು ಕೂಸನ್ನು ಹಾಗೆಯೇ ಮಲಗಿಸುವುದನ್ನು ಕಂಡಿದ್ದೇನೆ. ಮಲಗಿಸುವುದು ಯಾವಾಗಲೂ ಬೆನ್ನ ಮೇಲೆ. ಅಮೆರಿಕದಲ್ಲಿ 1994ರಲ್ಲಿ ಇದನ್ನೇ ಹೇಳುವ ಪ್ರಚಾರ ಶುರುವಾದ ಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲಿ ಇದ್ದಕ್ಕಿದ್ದಂತೆ ಸಾಯುವ ಕೂಸುಗಳ ಪ್ರಮಾಣ ಅರ್ಧದಷ್ಟು ಇಳಿಯಿತು. ಅದಕ್ಕೇ ನಾವು ಆಲ್ಬಂ ಕೊಡುವಾಗ ಹೇಳುತ್ತೇವೆ: ಈ ಭಂಗಿ ಫೋಟೋಕ್ಕೆ ಮಾತ್ರ, ಅದೂ ನನ್ನ ಕೈ ಬೆನ್ನ ಮೇಲಿದ್ದಾಗ.

ಕಬ್ಬಿನ ಹೊಲದ ಜೋಳಿಗೆ

ಹೋದ ವರ್ಷ ಒಂದು ಕನ್ನಡದ ಮನೆಯಿಂದ ಫೋನ್ ಬಂತು. ಹುಡುಗಿಯ ತವರು ಬಾರಾಮತಿ, ಗಂಡ ಬೆಂಗಳೂರಿನವರು. ಕನ್ನಡದವರು ಅಂತ ನನಗೆ ಖುಷಿ. ಕೂಸು 35 ವಾರಕ್ಕೇ ಹುಟ್ಟಿತ್ತು, ತೂಕ 2 ಕೆ.ಜಿ. ಮೇಲೆ ಸ್ವಲ್ಪ. ಅವರಿಗೆ ಕಬ್ಬಿನ ಗದ್ದೆಯ ಬದಿಯಲ್ಲಿ, ಮರದ ಕೊಂಬೆಗೆ ಕಟ್ಟಿದ ಜೋಳಿಗೆಯಲ್ಲಿ ಕೂಸು ತೂಗುವ ಫೋಟೋ ಬೇಕಿತ್ತು. ಮೊಬೈಲಿನಲ್ಲಿ ತೋರಿಸಿದರು.

"ಇದನ್ನ ನೆಲದ ಮೇಲೆ ಮಾಡೋಣ್ರಿ. ಕೂಸು ಹಾಸಿಗೆ ಮೇಲಿರ್ತದ, ನನ್ನ ಕೈ ಅದರ ಮೇಲಿರ್ತದ. ಕೊಂಬೆ, ಗದ್ದೆ ಬೇರೆ ತೆಗೆದು ಜೋಡಸ್ತೀವಿ. ಯಾರಿಗೂ ಗೊತ್ತಾಗಂಗಿಲ್ಲ" ಅಂದೆ.

"ಅದು ಫೇಕ್ ಆಗತ್ತಲ್ಲ ಅಕ್ಕಾ. ಎರಡೇ ನಿಮಿಷ. ನಾನೇ ಪಕ್ಕದಲ್ಲಿ ನಿಂತಿರ್ತೀನಿ" ಅಂದರು ಹುಡುಗಿಯ ಗಂಡ.

ತಿಂಗಳು ತುಂಬದೆ ಹುಟ್ಟಿದ ಕೂಸಿನ ದಿನವನ್ನು ಹುಟ್ಟಿದಂದಿನಿಂದ ಅಲ್ಲ, ಹೆರಿಗೆಗೆ ಡಾಕ್ಟರು ಕೊಟ್ಟ ತಾರೀಖಿನಿಂದ ಎಣಿಸಬೇಕು. ಈ ಕೂಸು ಆ ಲೆಕ್ಕದಲ್ಲಿ ಇನ್ನೂ ಹೊಟ್ಟೆಯೊಳಗೇ ಇರಬೇಕಾಗಿತ್ತು. ಜೋಳಿಗೆಯಲ್ಲಿ ಗಲ್ಲ ಎದೆಗೆ ಬಾಗುವುದು ಬುಟ್ಟಿಯಲ್ಲಿ ಬಾಗಿದ್ದಕ್ಕಿಂತ ಸುಲಭ. ನಾನು ಆಗುವುದಿಲ್ಲ ಅಂದೆ. ಮುಂಗಡ ವಾಪಸ್ ಹೋಯಿತು. ಆ ತಿಂಗಳ ಅಂಗಡಿ ಬಾಡಿಗೆಗೆ ಅದನ್ನೇ ನಂಬಿದ್ದೆವು. ಮನೆಯಲ್ಲಿ ಎರಡು ದಿನ ಮಾತು ಕಡಿಮೆಯಾಯಿತು.

ಹತ್ತು ದಿನಕ್ಕೆ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಆ ಫೋಟೋ ಬಂತು. ಬೇರೆ ಯಾರೋ ತೆಗೆದಿದ್ದರು. ಕಬ್ಬಿನ ಗರಿ, ಸಂಜೆಯ ಬಿಸಿಲು, ಜೋಳಿಗೆಯಲ್ಲಿ ಕೂಸು. ಬಹಳ ಚಂದ ಬಂದಿತ್ತು. ಕೂಸಿಗೆ ಏನೂ ಆಗಿರಲಿಲ್ಲ.

ಇದೇ ನೋಡಿ ಕಷ್ಟ. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಆಗುವುದಿಲ್ಲ. ಬೇಡ ಅಂದವರು ಹೆದರುಪುಕ್ಕಲರಾಗಿ ಕಾಣುತ್ತಾರೆ, ಮಾಡಿದವರು ಕಲಾವಿದರಾಗಿ ಕಾಣುತ್ತಾರೆ. ನಮ್ಮ ಅತ್ತೆಗೆ ಆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ದೇವರು ಕಾಯ್ದ. ದೇವರಿಗೆ ದಿನಾ ಕೆಲಸ ಹಚ್ಚಬಾರದು" ಅಂದರು.

ಗಾಳಪ ಹಂಗಾಮಿನಲ್ಲಿ ಕಬ್ಬು ಕಡಿಯುವವರು ಬೀಡ ಜಿಲ್ಲೆಯಿಂದ ಕುಟುಂಬ ಸಮೇತ ಈ ಕಡೆ ಬರುತ್ತಾರೆ. ಅವರ ಕೂಸುಗಳು ಸೀರೆಯ ಜೋಳಿಗೆಯಲ್ಲೇ ಮಲಗುತ್ತವೆ. ಅವರಿಗೆ ಬೇರೆ ದಾರಿ ಇಲ್ಲ. ಒಂದು ಸಲ ಅಂಥ ಒಬ್ಬ ತಾಯಿಯ ಜೋಳಿಗೆ ನೋಡಿದೆ. ನೆಲದಿಂದ ಒಂದು ಗೇಣು ಎತ್ತರ, ಅಷ್ಟೇ. ಕೆಳಗೆ ಗೋಣಿತಟ್ಟು. ಪಕ್ಕದಲ್ಲಿ ಆರೇಳು ವರ್ಷದ ಅಕ್ಕ ಹಗ್ಗ ಹಿಡಿದು ಕೂತಿದ್ದಳು. ದಾರಿ ಇಲ್ಲದವರು ಇಷ್ಟು ಜೋಪಾನ ಮಾಡಿದ್ದರು.

ಬುಕ್ ಮಾಡುವ ಮೊದಲು ಕೇಳಿ

ಕ್ಯಾಮೆರಾ ಇದ್ದವರೆಲ್ಲ ಈ ಕೆಲಸ ಶುರು ಮಾಡಬಹುದು. ಕೂಸು ಹಿಡಿಯಲು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವವರು ನೀವೇ. ಹಾಗಾಗಿ ಕೇಳಿ:

1. ಕೂಸಿನ ಪಕ್ಕದಲ್ಲಿ ಕೈ ಹಿಡಿದು ಕೂರಲು ಬೇರೆ ಒಬ್ಬರು ಇರುತ್ತಾರೆಯೇ? ಕ್ಯಾಮೆರಾ ಹಿಡಿದವರೇ ಕೂಸನ್ನೂ ನೋಡಿಕೊಳ್ಳಲು ಆಗುವುದಿಲ್ಲ.
2. ಕಪ್ಪೆ ಭಂಗಿ, ಜೋಳಿಗೆಯ ಭಂಗಿ ಹೇಗೆ ಮಾಡುತ್ತೀರಿ? "ಎರಡು ಫೋಟೋ ಜೋಡಿಸುತ್ತೇವೆ" ಎಂದರೆ ಸರಿ. "ಕೂಸು ತಾನೇ ನಿಲ್ಲುತ್ತದೆ" ಎಂದರೆ ಎದ್ದು ಬನ್ನಿ. ಕೈ ಇರುವ, ಎಡಿಟ್ ಮಾಡದ ಫೋಟೋ ತೋರಿಸಲು ಹೇಳಿ.
3. ಬುಟ್ಟಿಯ ತಳಕ್ಕೆ ಭಾರ ಇಡುತ್ತೀರಾ? ಲೈಟಿನ ಸ್ಟ್ಯಾಂಡಿಗೆ ಮರಳುಚೀಲ ಕಟ್ಟುತ್ತೀರಾ? ಕ್ಯಾಮೆರಾದ ಪಟ್ಟಿ ಕುತ್ತಿಗೆಗಿರುತ್ತದೆಯೇ? ಕೂಸಿನ ಮೇಲೆ ಬಗ್ಗಿದಾಗ ಒಂದು ಕೆ.ಜಿ. ಲೆನ್ಸ್ ಕೈಜಾರಿದರೆ ಏನಾದೀತು ಯೋಚಿಸಿ.
4. ಗಾಜಿನ ಭರಣಿ, ಮರದ ಕೊಂಬೆ, ಎತ್ತರದ ಕುರ್ಚಿ ಬಳಸುತ್ತೀರಾ? ಇದಕ್ಕೆ ಉತ್ತರ ಇಲ್ಲ ಎಂದಿರಬೇಕು.
5. ಕೂಸು ಅತ್ತರೆ, ಹಾಲಿಗೆ ಎದ್ದರೆ ಸಮಯದ ಲೆಕ್ಕ ಹಾಕುತ್ತೀರಾ? ತಾಸಿಗಿಷ್ಟು ಎಂದು ದುಡ್ಡು ಎಣಿಸುವವರಿಗೆ ಆತುರ ಇರುತ್ತದೆ.
6. ಕೂಸಿಗೆ ಆರಾಮಿಲ್ಲದಿದ್ದರೆ ದಿನ ಬದಲಾಯಿಸಬಹುದೇ?

ನಿಮಗೂ ಒಂದು ಮಾತು. ಕೂಸು ಒಂದು ಭಂಗಿಗೆ ಒಲ್ಲೆ ಅಂದರೆ ಬಿಟ್ಟುಬಿಡಿ. ಕೈ ಸೆಟೆಸುವುದು, ಬೆರಳು ಹರಡುವುದು, ಮುಖ ತಿರುಗಿಸುವುದು, ಇದು ಅದರ ಭಾಷೆಯಲ್ಲಿ ಬೇಡ ಅನ್ನುವುದು. ದುಡ್ಡು ಕೊಟ್ಟಿದ್ದೇವೆ ಎಂದು ಫೋಟೋದವರನ್ನು ಒತ್ತಾಯಿಸಬೇಡಿ. ಒತ್ತಾಯಕ್ಕೆ ಒಪ್ಪುವವರೂ ಸಿಗುತ್ತಾರೆ.

ನಮ್ಮ ಮಗಳ ಫೋಟೋ

ನಮ್ಮ ಮಗಳಿಗೆ ಈಗ ಒಂಬತ್ತು ವರ್ಷ. ಎಂಟನೇ ತಿಂಗಳಿಗೇ ಹುಟ್ಟಿದವಳು, 1,800 ಗ್ರಾಂ. ತವರಿನ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ 19 ದಿನ ಇದ್ದಳು. ಅಲ್ಲಿನ ಸಿಸ್ಟರ್ ಒಬ್ಬರು ಅವಳನ್ನು ನನ್ನ ಎದೆಗೆ ನೇರವಾಗಿ ಹಾಕಿ ಸೀರೆಯಿಂದ ಸುತ್ತಿ, "ಈಗ ನೀನೇ ಹೀಟರ್" ಅಂದಿದ್ದರು. ಕಾಂಗರೂ ಆರೈಕೆ ಅಂತಾರೆ ಅದಕ್ಕೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಅಲ್ಲಿನ ಡಾಕ್ಟರು ಶುರು ಮಾಡಿದ್ದಂತೆ. ಕೂಸಿನ ಗಲ್ಲ ಎದೆಗೆ ಬಾಗದ ಹಾಗೆ ತಲೆ ಒಂದು ಕಡೆ ತಿರುಗಿಸಿ ಇಡುವುದನ್ನು ಆ ಸಿಸ್ಟರ್ ಅವತ್ತೇ ನನಗೆ ತೋರಿಸಿದ್ದರು. ಬುಟ್ಟಿಯ ದಿನ ಅದು ನೆನಪಾಗದೆ ಹೋಯಿತು ಎಂಬುದು ಇವತ್ತಿಗೂ ನನ್ನನ್ನು ಕುಟುಕುತ್ತದೆ.

ಮಗಳ ಎಳೆತನದ ಫೋಟೋ ನಮ್ಮ ಹತ್ತಿರ ಒಂದೇ ಒಂದಿದೆ. ಸಾದಾ ಮೊಬೈಲಿನಲ್ಲಿ ತೆಗೆದದ್ದು, ಮಸುಕು. ಮೂಗಿಗೆ ನಳಿಗೆ, ಕಾಲಿಗೆ ವೈರು. ಅವಳು ಈಚೆಗೆ ಅದನ್ನು ಕೈಯಲ್ಲಿ ಹಿಡಿದು, "ಮಮ್ಮಿ, ಪಪ್ಪಾ ಇದರಾಗ ನಿನ್ನ ಕೈ ಯಾಕ ಅಳಿಸಿಲ್ಲ?" ಎಂದು ಕೇಳಿದಳು.

ನಮ್ಮ ಮನೆಯವರು ಕಂಪ್ಯೂಟರಿನಿಂದ ತಲೆ ಎತ್ತಿ, "ಅದು ಇರಲಿ ಬಿಡು" ಅಂದರು. ಫೋಟೋ ಮತ್ತೆ ಕಪಾಟಿನೊಳಗೆ ಹೋಯಿತು. ನಾಳೆ ಬೆಳಗ್ಗೆ ಒಂದು ಮನೆಗೆ ಹೋಗಬೇಕು, ಎಂಟು ದಿನದ ಕೂಸು. ರಾತ್ರಿಯೇ ಬಟ್ಟೆ ಒಗೆದು ಒಣಹಾಕಿ, ಉಗುರು ಕತ್ತರಿಸಿಕೊಂಡು ಮಲಗಿದೆ.